ಆಪಾನ ಬಲಗೈ, ನನ್ನ ಆಂಪ್ಲಿಫೈಯರ್

ನನ್ನ ಕಸುಬು ಮೋಟಾರ್ ಸ್ಟಾರ್ಟರಿನದು. ಬಸವಕಲ್ಯಾಣದ ನನ್ನ ಸಣ್ಣ ವರ್ಕ್‌ಶಾಪಿನಲ್ಲಿ ಬೋರ್‌ವೆಲ್ ಪಂಪುಗಳಿಗೆ ಕಂಟ್ರೋಲ್ ಬೋರ್ಡು ಮಾಡಿ ಕೊಡುತ್ತೇನೆ. ನಾನೂರ ನಲವತ್ತು ವೋಲ್ಟು ಅಂದರೆ ನನಗೆ ಮನೆಮಂದಿ ಇದ್ದ ಹಾಗೆ, ಹೆದರಿಕೆಯೂ ಇಲ್ಲ, ಅತಿ ಸಲಿಗೆಯೂ ಇಲ್ಲ. ಅಂಥವಳ ಎದುರು ಹುಮನಾಬಾದಿನ ಫಿಸಿಯೋಥೆರಪಿ ಡಾಕ್ಟರ್ ಬಂದು ಕೂತು, "ಅಕ್ಕಾ, ಒಂದು ವೋಲ್ಟಿನ ಹತ್ತು ಲಕ್ಷದಾಗ ಕೆಲವೇ ಪಾಲು ಅಳೀಬೇಕಾಗ್ಯದ. ಆಗ್ತದೇನ್ರಿ?" ಎಂದಾಗ ನಾನು ನಕ್ಕುಬಿಟ್ಟೆ.

ಆಕೆ ನಗಲಿಲ್ಲ. ನನಗಿಂತ ಸಣ್ಣಾಕೆ, ಆದರೆ ಮುಖ ನೋಡಿದರೆ ಪರೀಕ್ಷೆ ಹಾಲಿನ ಮೇಲ್ವಿಚಾರಕಿಯ ಬಿಗಿ. ವಿಷಯ ಹೇಳಿದಳು. ಹುಮನಾಬಾದಿನಲ್ಲಿ ಬಳೆ ಇಡುವ ಒಬ್ಬ ಹೆಂಗಸು, ಊರೆಲ್ಲ ಆಪಾ, ಅಂದರೆ ಅಕ್ಕ, ಅನ್ನುವುದು. ಆಟೋ ಉರುಳಿ ಬಲತೋಳಿನ ಎಲುಬು ಮುರಿದು, ಅದರ ಗುಂಟ ಸುತ್ತಿಕೊಂಡು ಹೋಗುವ ನರವೂ ಹರಿದಿತ್ತು. ದೊಡ್ಡೂರಿನ ಸರ್ಜನ್ ನರ ಕೂಡಿಸಿದ್ದರು. ಕೂಡಿಸಿದ ಜಾಗದಿಂದ ನರ ಕೆಳಗೆ ಬೆಳೆಯುತ್ತ ಬರಬೇಕು, ಉಗುರು ಬೆಳೆದ ಹಾಗೆ ನಿಧಾನ. ಅದು ಮುಂಗೈಯ ಸ್ನಾಯು ಮುಟ್ಟಿದರೆ ಮಣಿಕಟ್ಟು ಮೇಲೇಳುತ್ತದೆ. ಸದ್ಯ ಕೈ ಜೋತು ಬಿದ್ದಿತ್ತು.

"ಮುಂದಿನ ಭೇಟಿಯಾಗ ಸರ್ಜನ್ನರು ಸೂಜಿ ಹಾಕಿ ನೋಡ್ತಾರ. ನರದ ಸುಳಿವೇ ಇಲ್ಲಂದ್ರ ಮುಂಗೈ ಒಳಮೈ ಕಡಿ ಒಂದು ಸ್ನಾಯುದ ತುದಿ ಬಿಚ್ಚಿ ಹಿಂದ ಕಟ್ಟೋ ಆಪರೇಶನ್. ಆಪಾ ಈಗೇ ಉಮೇದು ಬಿಟ್ಟಾರ. ವ್ಯಾಯಾಮಕ್ಕ ಬರಂಗಿಲ್ಲ ಅನ್ನಾಕತ್ತಾರ. ಬರದಿದ್ರ ಕೀಲು ಬಿಗೀತಾವ. ಆಮ್ಯಾಲ ನರ ಬಂದ್ರೂ ಅಷ್ಟ, ಆಪರೇಶನ್ ಆದ್ರೂ ಅಷ್ಟ, ಕೈ ಎದ್ದೇಳಂಗಿಲ್ಲ," ಎಂದಳು ಡಾಕ್ಟರ್. "ಕೈ ಅಲ್ಲಾಡೋಕ್ಕಿಂತ ಮೊದಲs ಸ್ನಾಯುದಾಗ ಸಣ್ಣ ಕರೆಂಟು ಏಳ್ತದ. ಅದು ಇದ್ರ ಆಕಿ ಕಣ್ಣಿಗೆ ತೋರಿಸ್ಬೇಕು. ಇದ್ರ ಮಾತ್ರ, ಅಕ್ಕಾ. ಇಲ್ಲದ್ದು ತೋರಿಸಬಾರದು."

ಆ ಕಡೆಯ ಮಾತಿಗೇ ನಾನು ಒಪ್ಪಿಕೊಂಡೆ. ಸಮಾಧಾನ ಹೇಳುವ ಯಂತ್ರ ಕೇಳಿ ಬಂದಿದ್ದರೆ ಚಹಾ ಕುಡಿಸಿ ಕಳಿಸುತ್ತಿದ್ದೆ.

ಮೊದಲ ಸರ್ಕ್ಯೂಟು ನಾನು ಸೊಕ್ಕಿನಿಂದ ಮಾಡಿದೆ. ಈ ಕೆಲಸಕ್ಕೆಂದೇ ಒಂದು ಬಗೆಯ ಆಂಪ್ಲಿಫೈಯರ್ ಚಿಪ್ ಸಿಗುತ್ತದೆ. ಚರ್ಮದ ಮೇಲೆ ಎರಡು ಎಲೆಕ್ಟ್ರೋಡ್ ಅಂಟಿಸಿದರೆ, ಎರಡಕ್ಕೂ ಒಂದೇ ಸಮ ಬರುವ ಗದ್ದಲವನ್ನು ಬಿಟ್ಟು, ಅವುಗಳ ನಡುವಿನ ವ್ಯತ್ಯಾಸವನ್ನಷ್ಟೇ ಅದು ದೊಡ್ಡದು ಮಾಡುತ್ತದೆ. ಇಬ್ಬರು ಸೊಸೆಯಂದಿರು ಒಂದೇ ಕಥೆ ಹೇಳಿದಾಗ, ಎಲ್ಲಿ ಮಾತು ಬೇರೆಯಾಗುತ್ತದೋ ಅದನ್ನೇ ಹಿಡಿಯುವ ಅತ್ತೆಯ ಹಾಗೆ. ಸಿಗ್ನಲ್ ಸಣ್ಣದು ತಾನೇ, ಮೊದಲ ಹಂತದಲ್ಲೇ ಸಾವಿರ ಪಟ್ಟು ಹಿಗ್ಗಿಸಿಬಿಡೋಣ ಅಂತ ಹಿಗ್ಗಿಸಿದೆ. ನನ್ನ ತೋಳಿಗೇ ಅಂಟಿಸಿಕೊಂಡು ನೋಡಿದರೆ ಲ್ಯಾಪ್‌ಟಾಪಿನ ಪರದೆಯ ಗೆರೆ ಸೀದಾ ಮೇಲೆ ಹೋಗಿ ಅಂಟಿಕೊಂಡು ಕೂತಿತು. ಮುಷ್ಟಿ ಕಟ್ಟಿದೆ, ಬಿಟ್ಟೆ, ಬೈದೆ. ಗೆರೆ ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ಹೊಳೆಯಿತು. ಬೆವರಿದ ಚರ್ಮ ಮತ್ತು ಎಲೆಕ್ಟ್ರೋಡಿನ ಲೋಹ ಸೇರಿದರೆ ಅದೇ ಒಂದು ಸಣ್ಣ ಬ್ಯಾಟರಿ. ಎರಡು ಎಲೆಕ್ಟ್ರೋಡಿನ ಬ್ಯಾಟರಿಗಳು ಎಂದೂ ಸಮ ಇರುವುದಿಲ್ಲ, ಆ ವ್ಯತ್ಯಾಸ ಸ್ನಾಯುವಿನ ಸಿಗ್ನಲ್ಲಿಗಿಂತ ಎಷ್ಟೋ ದೊಡ್ಡದು. ನಾನು ಅದನ್ನೂ ಸಾವಿರ ಪಟ್ಟು ಮಾಡಿ, ಸಿಗ್ನಲ್ಲಿಗೆ ಜಾಗವೇ ಇಲ್ಲದಂತೆ ಮಾಡಿದ್ದೆ. ಸರಿ, ಮೊದಲ ಹಂತದಲ್ಲಿ ಹತ್ತು ಪಟ್ಟು ಸಾಕು ಎಂದು ಇಳಿಸಿದೆ. ನಡುವೆ ಕೆಪಾಸಿಟರ್ ಇಟ್ಟು ಆ ನಿಂತ ವೋಲ್ಟೇಜನ್ನು ತಡೆದೆ, ಉಳಿದ ಹಿಗ್ಗಿಸುವಿಕೆ ಅದರ ಆಚೆ. ಕೈ ಅಲುಗಿದಾಗ ವೈರಿನಿಂದ ಬರುವ ನಿಧಾನದ ಅಲೆಗಳನ್ನು ಕೆಳಗಿನ ಫಿಲ್ಟರ್, ಬೇಡವಾದ ಚುರುಕು ಗದ್ದಲವನ್ನು ಮೇಲಿನ ಫಿಲ್ಟರ್ ಕತ್ತರಿಸುವಂತೆ ಮಾಡಿದೆ. ಈಗ ಮುಷ್ಟಿ ಕಟ್ಟಿದರೆ ಗೆರೆ ಜೋಳದ ಪೈರಿನ ಹಾಗೆ ಎದ್ದು ನಿಲ್ಲುತ್ತಿತ್ತು. ನನ್ನ ತೋಳನ್ನು ನಾನೇ ಮೆಚ್ಚಿ, ಮುಷ್ಟಿ ಕಟ್ಟಿ ಬಿಟ್ಟು ಮಾಡುತ್ತ ಕೂತಿದ್ದೆ. ಗಂಡ ಬಂದವನು, "ಯಾರಿಗ್ ಹೊಡೀಬೇಕಂತ ಮಾಡೀದಿ?" ಅಂದ.

ಹುಮನಾಬಾದಿಗೆ ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಕ್ಲಿನಿಕ್ಕಿನಲ್ಲಿ ಆಪಾ ಆಗಲೇ ಕೂತಿದ್ದರು. ದುಂಡು ಮುಖ, ಸ್ವಲ್ಪ ಮೆಳ್ಳಗಣ್ಣು, ಎಡಗೈ ತುಂಬ ಬಳೆ, ಬಲಗೈಗೆ ಮಣಿಕಟ್ಟು ಎತ್ತಿ ಹಿಡಿಯುವ ಪಟ್ಟಿ. ನನ್ನ ಕೊರಳ ತಾಳಿ, ಬರಿಗೈ ಎರಡನ್ನೂ ನೋಡಿ ಮೊದಲು ಕೇಳಿದ್ದೇ, "ಬಾಯಿ, ಗಂಡ ಇದ್ದೂ ಬರಿಗೈ ಯಾಕ್ರಿ?"

"ಕರೆಂಟಿನ ಕೆಲಸ ಆಪಾ. ಕೈಯಾಗ ಏನೂ ಇರಬಾರದು."

"ಗಾಜಿಗೆ ಕರೆಂಟ್ ಹೊಡೀತದೇನ್ರಿ?"

ನಾನು ಮಾತು ತಪ್ಪಿಸಿ ಡಬ್ಬಿ ತೆರೆದೆ. ಎಲೆಕ್ಟ್ರೋಡ್ ಅಂಟಿಸಿ ಪರದೆ ನೋಡಿದೆ. ಅಯ್ಯ, ಗೆರೆ ಎಲ್ಲಿ! ಅಡ್ಡಕ್ಕೆ ದಪ್ಪನೆಯ ಪಟ್ಟಿ. ಗೋಡೆಯೊಳಗಿನ ವೈರಿನಿಂದ ಬರುವ ಗುಂಯ್‌ಗುಡುವಿಕೆ ಎಲ್ಲವನ್ನೂ ನುಂಗಿ ಕೂತಿತ್ತು. ಇಂಥದ್ದಕ್ಕೆ ಓದಿದವರು ಮಾಡುವುದೇ ನಾನೂ ಮಾಡಿದೆ, ವೈರಿನ ಹೊದಿಕೆಯನ್ನು ಗೋಡೆಯ ಪ್ಲಗ್ಗಿನ ಅರ್ಥಿಂಗಿಗೆ ಜೋಡಿಸಿದೆ. ಪರದೆಯ ಪಟ್ಟಿ ತೆಳುವಾಗಬೇಕಿತ್ತು. ಅದು ಇಮ್ಮಡಿ ಆಯಿತು.

ನಾನು ಮುಖ ಗಂಟು ಹಾಕಿಕೊಂಡು ಮೀಟರ್ ತೆಗೆದುಕೊಂಡೆ. ಒಂದು ಮೊನೆ ಅರ್ಥಿಂಗಿಗೆ, ಇನ್ನೊಂದು ನಳದ ಕಬ್ಬಿಣದ ಪೈಪಿಗೆ. ಎರಡರ ನಡುವೆ ಸೊನ್ನೆ ಇರಬೇಕಾದಲ್ಲಿ ವೋಲ್ಟೇಜು ಕುಣಿಯುತ್ತಿತ್ತು. ಅಷ್ಟರಲ್ಲಿ ನನಗೆ ಅರ್ಧ ತಿಳಿದಿತ್ತು. ಮೋರಖಂಡಿ, ಹುಲಸೂರ ಕಡೆಯ ಹೊಲಗಳಲ್ಲಿ ಇದನ್ನು ಸಾಕಷ್ಟು ಕಂಡಿದ್ದೇನೆ. ಕ್ಲಿನಿಕ್ಕಿನ ಹಿಂದಿನ ಹಿಟ್ಟಿನ ಗಿರಣಿಗೆ ಹೋದೆ. ಗಿರಣಿಯ ಲೈಟಿನ ಒಂದು ವೈರು ಗೋಡೆ ಇಳಿದು, ನೆಲಕ್ಕೆ ಬಡಿದ ಪೈಪಿಗೆ ಸುತ್ತಿಕೊಂಡಿತ್ತು. ಪೈಪಿನ ಬುಡ ಒದ್ದೆ. ವಾಪಸು ಹೋಗಲು ವೈರಿಲ್ಲದ ಕರೆಂಟು ನೆಲಕ್ಕೇ ಇಳಿದು, ಅಲ್ಲಿಂದ ಕ್ಲಿನಿಕ್ಕಿನ ಅರ್ಥಿಂಗಿಗೂ ಏರುತ್ತಿತ್ತು.

"ನ್ಯೂಟ್ರಲ್ ಹೋಗಿ ಬಾಳ ದಿನ ಆತ್ರಿ ಬಾಯಾರ," ಎಂದ ಗಿರಣಿಯವನು, ಹಿಟ್ಟು ಮೆತ್ತಿದ ಹುಬ್ಬು ಎತ್ತಿ. "ಅರ್ಥಿಂಗಿಗೇ ಹಚ್ಚೀವಿ. ಜರಾ ಉಪ್ಪಿನ ನೀರು ಹಾಕಿದ್ರ ಲೈಟ್ ಫಸ್ಟ್‌ಕ್ಲಾಸ್ ಉರೀತದ."

"ಯಾರರ ಆ ಪೈಪ್ ಮುಟ್ಟಿದ್ರ ಅವರೂ ಫಸ್ಟ್‌ಕ್ಲಾಸ್ ಉರೀತಾರ!" ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವನು ನನ್ನೆದುರಿಗೇ ಲೈನ್‌ಮನ್ನಿಗೆ ಫೋನ್ ಹಚ್ಚಿದ, ವೈರನ್ನೂ ಬಿಚ್ಚಿದ. ಆದರೆ ವಾಪಸು ಬಂದು ಮೀಟರ್ ಹಿಡಿದರೆ ವೋಲ್ಟೇಜು ಕಮ್ಮಿಯಾಗಿತ್ತೇ ಹೊರತು ಹೋಗಿರಲಿಲ್ಲ. ಆ ಓಣಿಯಲ್ಲಿ ಇನ್ನೆಷ್ಟು ಪೈಪು ಹೀಗೆ ಉಪ್ಪಿನ ನೀರು ಕುಡಿಯುತ್ತಿವೆಯೋ. ಊರ ನೆಲವನ್ನೆಲ್ಲ ನಾನು ರಿಪೇರಿ ಮಾಡಲಾದೀತೇ?

ವಾಪಸು ಬಸವಕಲ್ಯಾಣಕ್ಕೆ ಬಂದು, ಪುಸ್ತಕ ಹೇಳಿದ ಅರ್ಥಿಂಗನ್ನೇ ಬಿಟ್ಟುಕೊಟ್ಟೆ. ಡಬ್ಬಿ ಸಣ್ಣ ಸೆಲ್ಲುಗಳ ಮೇಲೆ ನಡೆಯಬೇಕು, ಸಿಗ್ನಲ್ ವೈರಿಲ್ಲದೆ ಬ್ಲೂಟೂತಿನಲ್ಲಿ ಲ್ಯಾಪ್‌ಟಾಪಿಗೆ ಹೋಗಬೇಕು, ಲ್ಯಾಪ್‌ಟಾಪಿನ ಚಾರ್ಜರ್ ಕೂಡ ಗೋಡೆಯಲ್ಲಿ ಇರಬಾರದು. ಆಪಾನ ಮೊಣಕೈ ಎಲುಬಿನ ಮೇಲೆ ಇಡಲು ಮೂರನೆಯ ಎಲೆಕ್ಟ್ರೋಡ್ ಮಾಡಿದೆ. ಎರಡೂ ಎಲೆಕ್ಟ್ರೋಡಿಗೆ ಸಮನಾಗಿ ಬರುವ ಗದ್ದಲವನ್ನು ತಿರುವು ಮುರುವು ಮಾಡಿ, ಅದರ ಮೂಲಕ ಮೈಗೇ ವಾಪಸು ಕೊಡುವ ಸರ್ಕ್ಯೂಟು ಅದು. ಗದ್ದಲವೇ ಗದ್ದಲವನ್ನು ಸುಮ್ಮನಾಗಿಸುತ್ತದೆ. ಏನೇ ಕೆಟ್ಟರೂ ಆಪಾನ ಮೈಗೆ ಕರೆಂಟು ಹರಿಯದಂತೆ ಪ್ರತಿ ವೈರಿಗೂ ದೊಡ್ಡ ರೆಸಿಸ್ಟರು ಕಾವಲು ಇಟ್ಟೆ. ಇಂಥ ಉಪಾಯವನ್ನು ಮೊದಲು ಯೋಚಿಸಿದ ತಲೆ ಯಾವುದೋ, ಅದಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ಮತ್ತೆ ಹುಮನಾಬಾದು. ಈ ಸಲ ಗೆರೆ ಮಲಗಿದ ಕೂಸಿನ ಹಾಗೆ ಶಾಂತ. "ಕೈ ಮ್ಯಾಲ ಎತ್ರಿ ಆಪಾ," ಎಂದಳು ಡಾಕ್ಟರ್. ಆಪಾ ಹಲ್ಲು ಕಚ್ಚಿ ಪ್ರಯತ್ನಿಸಿದರು. ಕೈ ಏಳಲಿಲ್ಲ, ಆದರೆ ಗೆರೆ ಎದ್ದಿತು! ನಾನು ಕುರ್ಚಿಯಿಂದಲೇ ಎದ್ದುಬಿಟ್ಟೆ. ಆಪಾ ಪರದೆ ನೋಡಿ, "ಅದು ನಂದಾ? ಖರೇ ನಂದಾ?" ಎಂದು ಅಳತೊಡಗಿದರು.

ಡಾಕ್ಟರ್ ಮಾತ್ರ ಕಲ್ಲಿನ ಹಾಗೆ ಕೂತಿದ್ದಳು. "ಈಗ ಮುಷ್ಟಿ ಕಟ್ರಿ," ಎಂದಳು. ಆಪಾ ಕಟ್ಟಿದರು. ಗೆರೆ ಇನ್ನೂ ಎತ್ತರ ಎದ್ದಿತು. ನಾನು ಮತ್ತೆ ಕುರ್ಚಿಯಲ್ಲಿ ಕೂತೆ. ಮುಷ್ಟಿ ಕಟ್ಟುವುದು ತೋಳಿನ ಒಳಮೈ ಸ್ನಾಯು, ಅದಕ್ಕೆ ಏನೂ ಆಗಿರಲಿಲ್ಲ. ಕೈ ಎತ್ತು ಅಂದರೆ ಆಪಾ ಇಡೀ ತೋಳು ಬಿಗಿ ಹಿಡಿಯುತ್ತಿದ್ದರು, ಒಳಮೈಯ ಸಿಗ್ನಲ್ ಚರ್ಮದಡಿ ಹರಿದು ಹಿಂಬದಿಯ ಎಲೆಕ್ಟ್ರೋಡಿಗೂ ಮುಟ್ಟುತ್ತಿತ್ತು. ಪಕ್ಕದ ಮನೆಯ ರೇಡಿಯೋ ಕೇಳಿ ನಮ್ಮ ಮನೆಯದು ಅಂದ ಹಾಗೆ.

"ಇದು ಆ ನರದ್ದಲ್ಲ, ಆಪಾ," ಎಂದಳು ಡಾಕ್ಟರ್. ಎಷ್ಟು ಮೆತ್ತಗೆ ಹೇಳಿದಳೋ ಅಷ್ಟೇ ಸ್ಪಷ್ಟವಾಗಿ ಹೇಳಿದಳು. ನಾನಾಗಿದ್ದರೆ ಆ ಕಣ್ಣೀರು ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆನೇನೋ. ಅವತ್ತಿನಿಂದ ನಾನು ಆಕೆಗೆ ಬಹುವಚನ ಹಚ್ಚಿದ್ದೇನೆ, ಇವತ್ತಿಗೂ ತೆಗೆದಿಲ್ಲ.

ಆಪಾ ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. "ಬಸ್ ಆತು. ನಾಳಿಂದ ಬರಂಗಿಲ್ಲ. ಈ ಕೈ ಬೇಕಾರ್ ಆಗ್ಯದ, ಸೊಸಿ ಬಳಿ ಇಡೋದು ಕಲೀಲಿ."

"ಒಂದs ಸಲ ಬರ್ರಿ. ಆಮ್ಯಾಲ ನಿಮ್ಮ ಮರ್ಜಿ," ಎಂದರು ಡಾಕ್ಟರ್. ಆಪಾ ಚೀಲ ಎಡಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ನಾನು ಎರಡನೆಯ ಚಾನೆಲ್ ಕಟ್ಟಿದೆ. ಒಂದು ತೋಳಿನ ಹಿಂಬದಿಗೆ, ಒಂದು ಒಳಮೈಗೆ, ಪರದೆಯ ಮೇಲೆ ಎರಡು ಗೆರೆ. ಎಲೆಕ್ಟ್ರೋಡುಗಳನ್ನು ಸಣ್ಣದು ಮಾಡಿ ಹತ್ತಿರ ಹತ್ತಿರ ತಂದೆ, ದೂರದ ಸ್ನಾಯುವಿನ ಮಾತು ಆದಷ್ಟು ಕಿವಿಗೆ ಬೀಳದಿರಲಿ ಅಂತ. ಒಳಮೈ ಗೆರೆ ಮಲಗಿದ್ದಾಗ ಹಿಂಬದಿಯ ಗೆರೆ ಎದ್ದರೆ ಮಾತ್ರ ನಂಬುವುದು ಎಂದು ನಾನೂ ಡಾಕ್ಟರೂ ಒಪ್ಪಂದ ಮಾಡಿಕೊಂಡೆವು. ಆ ಡಬ್ಬಿ ಕಟ್ಟುವಾಗ ನನಗೆ ಸೋಲ್ಡರಿನ ಚಿಂತೆ ಇರಲಿಲ್ಲ, ಆಪಾ ಬರುತ್ತಾರೋ ಇಲ್ಲವೋ ಎಂಬುದೇ ಚಿಂತೆ.

ಬಂದರು. ಕೈಯಲ್ಲಿ ಪಟ್ಟಿ ಇರಲಿಲ್ಲ. ಬಳೆಯ ಪೆಟ್ಟಿಗೆ ಜೊತೆಗಿತ್ತು, ಇಲ್ಲಿಂದ ಸೀದಾ ಯಾರದೋ ಮನೆಗೆ ಸೊಸೆಯೊಂದಿಗೆ ಬಳೆ ಇಡಲು ಹೋಗಬೇಕಂತೆ. "ಜಲ್ದಿ ಮುಗಸ್ರಿ," ಎಂದು ಕೂತರು.

ಎತ್ತಿ ಅಂದರೆ ಎರಡೂ ಗೆರೆ ಒಟ್ಟಿಗೆ ಎದ್ದವು. ಮತ್ತೆ ಎತ್ತಿ ಅಂದರೆ ಮತ್ತೆ ಎರಡೂ. ಡಾಕ್ಟರ್ ಸಮಾಧಾನದಿಂದ ಹೇಳುತ್ತಲೇ ಇದ್ದರು. ನಾನು ಪರದೆ ಬಿಟ್ಟು ಆಪಾನ ಮುಖ ನೋಡಿದೆ. ಪ್ರತಿ ಸಲ ಹುಕುಂ ಬಂದಾಗ ದವಡೆ, ಕುತ್ತಿಗೆ, ಭುಜ ಎಲ್ಲ ಬಿಗಿ. ಶಾಲೆಯಲ್ಲಿ ಏಟು ಬೀಳುವ ಮುಂಚೆ ಕೈ ಚಾಚಿದವರ ಹಾಗೆ. ಹೀಗೆ ಬಿಗಿದ ತೋಳಿನಲ್ಲಿ ಇರುವ ಸಣ್ಣ ಸಿಗ್ನಲ್ಲೂ ಮುಳುಗಿ ಹೋಗುತ್ತದೆ. ಇನ್ನೂ ಒಳ್ಳೆಯ ಚಿಪ್ ಹಾಕಿದರೂ ಇದು ಬಿಡಿಸುವ ಗಂಟಲ್ಲ ಅನ್ನಿಸಿತು.

"ಡಾಕ್ಟರ್ರ, ಹುಕುಂ ಕೊಡೋದು ಬಿಡೂಣು," ಎಂದೆ. ಲ್ಯಾಪ್‌ಟಾಪನ್ನು ಆಪಾಗೆ ಕಾಣದಂತೆ ಡಾಕ್ಟರ ಕಡೆ ತಿರುಗಿಸಿದೆ. "ಆಪಾ, ಗಾಜಿಗೆ ಕರೆಂಟ್ ಹೊಡ್ಯಂಗಿಲ್ಲ. ನಂದೇ ತಪ್ಪು. ನನಗ ಬಳಿ ಇಡ್ರಿ."

ಆಪಾ ನನ್ನನ್ನು ಗುರಾಯಿಸಿದರು. "ಒಂದ ಕೈಯಾಗ?"

"ಬರೋದಿಲ್ಲಂದ್ರ ಬಿಡ್ರಿ."

"ಯಾರಿಗಿ ಬರೋದಿಲ್ಲ?" ಪೆಟ್ಟಿಗೆ ತೆರೆದೇಬಿಟ್ಟರು. ಬಲಗೈ ವೈರುಗಳ ಸಮೇತ ದಿಂಬಿನ ಮೇಲೆ ಮಲಗಿತ್ತು. ನನ್ನ ಎಡಗೈ ಹಿಡಿದು ಹೆಬ್ಬೆರಳಿನ ಬುಡವನ್ನು ತೀಡಿದರು. "ಸಡಲ ಬಿಡ್ರಿ. ಇನ್ನೂ ಸಡಲ. ಇದೇನ್ ಕೈನೋ ನಟ್ ತಿರುವೋ ಪಾನಾನೋ? ನೀವು ಬಿಗಿ ಹಿಡದ್ರ ಬಳಿ ಒಡೀತದ, ನಿಮಗs ಚುಚ್ಚತದ." ಹಸಿರು ಬಳೆ ಗೆಣ್ಣಿನ ಮೇಲೆ ಬಂದು ನಿಂತಿತು, ಆಪಾ ಮಾತಾಡುತ್ತಲೇ ಇದ್ದರು, ಯಾವಾಗ ದಾಟಿತೋ ನನಗೆ ಗೊತ್ತಾಗಲಿಲ್ಲ. ಒಂದಾದ ಮೇಲೊಂದು. ಎಂಥ ಕೈ ಅದು! ಜೊತೆಗಾರ ಕೈ ಮಲಗಿದ್ದರೂ ಒಂದೇ ಒಂದು ಬಳೆ ಬಿರುಕು ಬಿಡಲಿಲ್ಲ. ಸಡಿಲ ಬಿಡು ಅಂತ ಊರಿಗೆಲ್ಲ ಹೇಳುವ ಈ ಹೆಂಗಸಿಗೆ ನಾವು ಎತ್ತು ಎತ್ತು ಅಂತ ಕಾಡಿದ್ದೆವು.

ಬಳೆ ಇಟ್ಟು ಮುಗಿಯಿತು. ನಮ್ಮಲ್ಲಿ ಬಳೆ ಇಟ್ಟವರಿಗೆ ನಮಸ್ಕಾರ ಮಾಡದೆ ಏಳುವುದಿಲ್ಲ. ನಾನೇನೂ ಯೋಚಿಸಿರಲಿಲ್ಲ, ಸಣ್ಣಂದಿನಿಂದ ಬಂದ ರೂಢಿ, ಬಗ್ಗಿದೆ. ಹರಸುವ ಕೈ ಬಲಗೈ. ಎಡಗೈ ಎತ್ತಿ ಯಾರೂ ಹರಸುವುದಿಲ್ಲ. ಆಪಾನ ಬಲದೋಳು ದಿಂಬಿನಿಂದ ತಾನಾಗಿ ಎದ್ದಿತು. ತುದಿಯಲ್ಲಿ ಕೈ ಜೋತಾಡುತ್ತಿತ್ತು. "ಸುಖದಾಗಿರು ಬೇಟಾ, ಕೈತುಂಬ ಬಳಿ ಇರಲಿ," ಎಂದರು.

"ಅಕ್ಕಾ," ಎಂದರು ಡಾಕ್ಟರ್. ಕಣ್ಣು ಪರದೆ ಬಿಟ್ಟು ಕದಲಿರಲಿಲ್ಲ. "ಇನ್ನೊಮ್ಮೆ ನಮಸ್ಕಾರ ಮಾಡ್ರಿ."

ಆಪಾ ತೋಳು ಬಿಗಿ ಹಿಡಿಯದೆ ಹರಸಿದ್ದರಿಂದ ಒಳಮೈ ಗೆರೆ ಮಲಗೇ ಇತ್ತು, ಹಿಂಬದಿಯ ಗೆರೆಯಲ್ಲಿ ಮಾತ್ರ ಸಣ್ಣ ಸಣ್ಣ ಮುಳ್ಳು ಎದ್ದಿದ್ದವಂತೆ. ನಾನು ಕುಣಿಯಲಿಲ್ಲ. ಒಮ್ಮೆ ಮೋಸ ಹೋಗಿದ್ದೆ. ವೈರು ಅಲುಗಿದ್ದರಿಂದ ಬಂದಿರಬಹುದೆಂದು ವೈರುಗಳನ್ನು ತೋಳಿಗೆ ಟೇಪು ಹಚ್ಚಿ ಬಿಗಿದೆ. ಡಾಕ್ಟರ್ ತಾವೇ ಆಪಾನ ತೋಳು ಹಿಡಿದು ಎತ್ತಿ ಇಳಿಸಿದರು, ಎರಡೂ ಗೆರೆ ಸುಮ್ಮನೆ. ನಾನು ಬಗ್ಗಿದೆ, ಆಪಾ ಹರಸಿದರು, ಮುಳ್ಳು ಎದ್ದವು. ಮತ್ತೆ ಡಾಕ್ಟರ್ ಎತ್ತಿದರು, ಸುಮ್ಮನೆ. ಮತ್ತೆ ನಾನು ಬಗ್ಗಿದೆ, ಮುಳ್ಳು. ನನ್ನ ಸೊಂಟ ಹಿಡಿದುಕೊಂಡಿತು.

"ಎಷ್ಟ್ ಸಲ ಆಶೀರ್ವಾದ ತಗೋತೀರಿ ಬಾಯಿ? ಏನರ ಪಾಪ ಮಾಡೀರೇನು?" ಎಂದರು ಆಪಾ.

ಡಾಕ್ಟರ್ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದರು. "ನೋಡ್ರಿ ಆಪಾ. ಈ ಸಲ ನಿಮ್ಮದs. ನರ ಬರಾಕತ್ತದ."

ಆಪಾ ಅಳಲಿಲ್ಲ, ನಗಲೂ ಇಲ್ಲ. ಪರದೆಯನ್ನಲ್ಲ, ತಮ್ಮ ಜೋತುಬಿದ್ದ ಕೈಯನ್ನೇ ನೋಡುತ್ತ ಕೂತರು. ಆಮೇಲೆ ಚೀಲದಿಂದ ಪಟ್ಟಿ ತೆಗೆದು ಹಲ್ಲಿನಿಂದ ಎಳೆದು ಕಟ್ಟಿಕೊಂಡರು. ನಾನು ಇನ್ನೊಂದು ಕೈ ಮುಂದೆ ಚಾಚಿದೆ, ಎರಡೂ ಕೈಗೆ ಬಳೆ ಇರಬೇಕಲ್ಲ. ಅದನ್ನು ಹಿಂದಕ್ಕೆ ತಳ್ಳಿದರು. "ಆ ಕೈಗಿ ಇವತ್ತು ಇಡಂಗಿಲ್ಲ. ಅದಕ್ಕ ನನ್ನ ಬಲಗೈಲೇ ಇಡ್ತೀನಿ. ಅಲ್ಲೀತನ ಹಂಗs ಇರ್ರಿ."

ಸರ್ಜನ್ನರ ಸೂಜಿಯೂ ಅದನ್ನೇ ಹೇಳಿತು. ಆಪರೇಶನ್ ಬೇಡ, ಕಾಯೋಣ ಎಂದರು. ಆಪಾ ದಿನಾ ಬಂದರು, ಡಾಕ್ಟರ್ ದಿನಾ ಆ ಕೀಲುಗಳನ್ನು ಮಡಚಿ ಬಿಡಿಸಿದರು. ಮುಳ್ಳು ದಟ್ಟವಾಗುತ್ತ ಹೋದವು, ಕೈ ಮಾತ್ರ ಏಳಲಿಲ್ಲ. ಇಬ್ಬರಲ್ಲಿ ಒಬ್ಬರೂ ಬೇಸರ ಮಾಡಿಕೊಂಡದ್ದು ನಾನು ಕಾಣಲಿಲ್ಲ. ಯಂತ್ರ ನಾನು ಮಾಡಿದ್ದು ಅಂತ ಜನ ನನ್ನನ್ನು ಹೊಗಳುತ್ತಾರೆ. ಆ ಇಬ್ಬರ ತಾಳ್ಮೆಯ ಮುಂದೆ ನನ್ನದೇನು ಮಹಾ!

ನಾನಂತೂ ಒಂದೇ ಕೈಗೆ ಬಳೆ ಇಟ್ಟುಕೊಂಡು ಬಸವಕಲ್ಯಾಣದಲ್ಲಿ ತಿರುಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರು ಮೊಣಕೈ ತಿವಿದುಕೊಂಡರು. ಸ್ಟಾರ್ಟರ್ ರಿಪೇರಿಗೆ ಬಂದ ಮೋರಖಂಡಿಯ ರೈತನೊಬ್ಬ ತಡೆಯಲಾರದೆ ಕೇಳಿಯೇಬಿಟ್ಟ, "ಬಾಯಾರ, ಆ ಕೈಯಾನ ಬಳಿ ಎಲ್ಲಿ ಹೋದ್ವು?"

"ಹುಮನಾಬಾದಿನಾಗ ಅವ. ಬರ್ತಾವ," ಎಂದೆ.

ಚಳಿ ಶುರುವಾದ ಮೇಲೆ ಡಾಕ್ಟರ್ ಫೋನ್ ಮಾಡಿ ಬರಲು ಹೇಳಿದರು. ಯಾಕೆ ಅಂತ ಹೇಳಲಿಲ್ಲ. ಹೊಸ ಸೆಲ್ಲು ಹಾಕಿ ಡಬ್ಬಿ ಹೊತ್ತುಕೊಂಡು ಹೋದೆ. ಆಪಾ ಪೆಟ್ಟಿಗೆ ತೆರೆದು ಕೂತಿದ್ದರು, ಪಟ್ಟಿ ಇರಲಿಲ್ಲ. "ಕೈ ಕೊಡ್ರಿ," ಎಂದು ನನ್ನ ಬಲಗೈಯನ್ನು ಎಡಗೈಯಲ್ಲಿ ಅದುಮಿ ಹಿಡಿದು, ಬಳೆಯನ್ನು ಬಲಗೈಯಲ್ಲಿ ತೆಗೆದುಕೊಂಡರು. ಮೊದಲನೆಯದು ಗೆಣ್ಣಿನ ಮೇಲೇ ಒಡೆಯಿತು. ಎರಡನೆಯದೂ ಒಡೆಯಿತು, ನನಗೆ ಚುಚ್ಚಿ ರಕ್ತ ಬಂತು, ನಾನು ಕೈ ಸಡಿಲ ಬಿಟ್ಟೇ ಇದ್ದೆ. ಆಪಾನ ಹಣೆ ಬೆವತಿತ್ತು. ಮೂರನೆಯದು ನಿಂತಿತು, ನಡುಗಿತು, ದಾಟಿತು.

ನಾನು ಬಗ್ಗಿದೆ. ತಲೆಯ ಮೇಲೆ ಏನೋ ಹಗುರಾಗಿ ಬಂದು ಕೂತಿತು, ಕಣ್ಣೆತ್ತಿ ನೋಡಿದರೆ ಆಪಾನ ಬಲಗೈ. ಮಣಿಕಟ್ಟು ಪೂರಾ ಅಲ್ಲ, ಅರ್ಧ ಎದ್ದಿತ್ತು, ಐದೂ ಬೆರಳು ಬಿಚ್ಚಿದ್ದವು. ನಾವು ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು, ನಕ್ಕೆವು, ಚಹಾ ತರಿಸಿ ಕುಡಿದೆವು. ಬಸ್ಸು ಹತ್ತಿದ ಮೇಲೆ ನೆನಪಾಯಿತು, ಡಬ್ಬಿಯನ್ನು ಅವತ್ತು ನಾನು ಚೀಲದಿಂದ ಹೊರಗೇ ತೆಗೆದಿರಲಿಲ್ಲ.